ತೂಗುವ ಹಡಗಿನ ಅಳತೆ ತಿದ್ದಬೇಡಿ

ಮಾನ್ಯ ಸಂಪಾದಕರೇ,

ಯುರೋಪಿನ ಕರಾವಳಿ ಚರ್ಚುಗಳಲ್ಲಿ ಛಾವಣಿಯಿಂದ ತೂಗುಬಿಟ್ಟ ಹಡಗಿನ ಮಾದರಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸಚಿತ್ರ ಲೇಖನ ಓದಿದೆವು. ಕನ್ನಡ ಪತ್ರಿಕೆಯಲ್ಲಿ ಈ ವಿಷಯಕ್ಕೆ ಅಷ್ಟು ಜಾಗ ಸಿಗುವುದು ಅಪರೂಪ, ಅದಕ್ಕೆ ಕೃತಜ್ಞರು. ಆದರೆ ಲೇಖನದ ಎರಡು ಮಾತುಗಳನ್ನು ಸುಮ್ಮನೆ ಬಿಡುವಂತಿಲ್ಲ. ಹಡಗು ಮಾಡಿದವರಿಗೆ ಅಳತೆಯ ಜ್ಞಾನ ಸಾಲದೆ ಕೂವೆಮರ (ಹಾಯಿ ಕಟ್ಟುವ ಕಂಬ) ಉದ್ದವಾಗಿ, ಫಿರಂಗಿ ದಪ್ಪವಾಗಿ ಬಂದಿವೆ ಎಂಬುದು ಒಂದು. ದುರಸ್ತಿ ಮಾಡುವಾಗ ಇಂಥ ದೋಷಗಳನ್ನು ಸರಿಪಡಿಸಿ, ಹಳೆಯ ನೂಲು ಕಿತ್ತು ನೈಲಾನ್ ಹಾಕಿದರೆ ಹಡಗು ಇನ್ನೂ ನೂರು ವರ್ಷ ಬಾಳುತ್ತದೆ ಎಂಬ ಸಲಹೆ ಇನ್ನೊಂದು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದನ್ನು ಯಾರಾದರೂ ನಂಬಿ ಕೈ ಹಾಕಿದರೆ ಹಡಗೇ ಹಾಳು. ಮಾದರಿ ಕಟ್ಟುವ, ಹಳೆಯದನ್ನು ದುರಸ್ತಿ ಮಾಡುವ ಕೆಲಸ ಬಲ್ಲವರಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನ ದರ್ಶನ ಮಾಡಿದವರು ಅಲ್ಲಿ ಹರಕೆಗೆ ಒಪ್ಪಿಸಿದ ಮರದ ಪುಟ್ಟ ತೊಟ್ಟಿಲುಗಳನ್ನು ನೋಡಿರುತ್ತಾರೆ. ಅದರಲ್ಲಿ ಕೂಸು ಮಲಗಿಸಲು ಬರುವುದಿಲ್ಲ. ಹಾಗೆಂದು ‘ತೊಟ್ಟಿಲಿನ ಅಳತೆ ತಪ್ಪಿದೆ’ ಎಂದು ಯಾರೂ ಹೇಳುವುದಿಲ್ಲ. ಕುಕ್ಕೆಯಲ್ಲಿ ಒಪ್ಪಿಸುವ ಬೆಳ್ಳಿಯ ನಾಗರಹೆಡೆಯನ್ನೂ ಯಾರೂ ಜೀವಂತ ಹಾವಿನ ಪಕ್ಕ ಇಟ್ಟು ಹೋಲಿಸುವುದಿಲ್ಲ. ಚರ್ಚಿನ ಹಡಗನ್ನೂ ನಾವು ಅದೇ ಕಣ್ಣಿನಿಂದ ನೋಡಬೇಕು. ಬಿರುಗಾಳಿಗೆ ಸಿಕ್ಕವರು ಮಾತೆ ಮರಿಯಳಿಗೋ ತಾವು ನಂಬಿದ ಸಂತರಿಗೋ ಹೇಳಿಕೊಳ್ಳುತ್ತಾರೆ. ಜೀವ ಉಳಿದು ದಡ ಮುಟ್ಟಿದ ಮೇಲೆ ಹಡಗಿನ ರೂಪ ಮಾಡಿಸಿ ಒಪ್ಪಿಸುತ್ತಾರೆ. ಇದಕ್ಕೆ ಲ್ಯಾಟಿನ್ನಿನಲ್ಲಿ ಎಕ್ಸ್ ವೋಟೊ ಎಂದು ಹೆಸರು, ‘ಹರಕೆಯಂತೆ’ ಎಂದೇ ಅದರ ಅರ್ಥ. ಫ್ರಾನ್ಸಿನ ಮಾರ್ಸೆ ಬಂದರಿನ ಗುಡ್ಡದ ನೆತ್ತಿಯಲ್ಲಿ 1864ರಲ್ಲಿ ಪ್ರತಿಷ್ಠೆಯಾದ ನೋತ್ರ ದಾಮ್ ದ ಲಾ ಗಾರ್ದ್ ಚರ್ಚಿನಲ್ಲಿ ಇಂಥ ಹಡಗುಗಳು ದಾರಕ್ಕೆ ಪೋಣಿಸಿದಂತೆ ಸಾಲಾಗಿ ತೂಗುತ್ತವೆ. ಕಾಲ ಬದಲಾದ ಹಾಗೆ ಅವುಗಳ ನಡುವೆ ವಿಮಾನದ ಮಾದರಿಗಳೂ ಬಂದಿವೆ. ನಾರ್ಮಂಡಿಯ ಓನ್‌ಫ್ಲರ್‌ನಲ್ಲಿ ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ಮಕ್ಕಳು ಹಡಗಿನ ಮಾದರಿಗಳನ್ನು ಹೊತ್ತು ಗುಡ್ಡದ ಮೇಲಿನ ದೇವಾಲಯಕ್ಕೆ ಮೆರವಣಿಗೆ ಹೋಗುತ್ತಾರೆ. ತಮಿಳುನಾಡಿನ ವೇಲಾಂಕಣಿಯ ಐತಿಹ್ಯವೂ ಇದೇ ಜಾತಿಯದು. 17ನೇ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ಪೋರ್ಚುಗೀಸ್ ನಾವಿಕರು ಅಲ್ಲಿ ಗುಡಿ ಕಟ್ಟಿದರೆಂದು ಪ್ರತೀತಿ. ಅವರು ದಡ ಸೇರಿದ್ದು ಸೆಪ್ಟೆಂಬರ್ 8ರಂದು ಎನ್ನುತ್ತಾರೆ, ನಮ್ಮ ಮಂಗಳೂರಿನ ಕಡೆ ಮೊಂತಿ ಹಬ್ಬ ಆಚರಿಸುವ ದಿನವೇ.

ಡೆನ್ಮಾರ್ಕಿನ ಮಾತು ಬೇರೆ. ಲೇಖನದ ಹೆಚ್ಚಿನ ಚಿತ್ರಗಳು ಅಲ್ಲಿಯವೇ ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಆ ದೇಶ 1536ರಲ್ಲಿ ಲೂಥರನ್ ಪಂಥಕ್ಕೆ ಹೊರಳಿತು. ಸಂತರಿಗೆ ಹರಕೆ ಹೊರುವುದನ್ನು ಆ ಪಂಥ ಒಪ್ಪುವುದಿಲ್ಲ. ಆದರೂ ಅಲ್ಲಿಯ ಚರ್ಚುಗಳಲ್ಲಿ ಇಂದು ಸಾವಿರಕ್ಕೂ ಹೆಚ್ಚು ಹಡಗುಗಳಿವೆ. ನಾವಿಕರ ಸಂಘವೋ, ನಿವೃತ್ತ ಕಪ್ತಾನನೋ, ಊರಿನ ಹಡಗು ಬಡಗಿಯೋ ಚರ್ಚಿಗೆ ಕೊಟ್ಟ ಉಡುಗೊರೆಗಳು ಅವು. ಡೇನರು ಅವನ್ನು ಕಿರ್ಕೆಸ್ಕಿಬ್, ಅಂದರೆ ಚರ್ಚಿನ ಹಡಗು, ಎಂದಷ್ಟೇ ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ಹೇಳುವುದು ಸುಲಭ: ಮಾರ್ಸೆಯದು ಹರಕೆ, ಡೆನ್ಮಾರ್ಕಿನದು ಕಾಣಿಕೆ. ಲೇಖನ ಎಲ್ಲವನ್ನೂ ಹರಕೆಯ ಹಡಗು ಎಂದು ಕರೆದಿದೆ. ಫಾನೊ ದ್ವೀಪದ ಸೋನ್ದರ್‌ಹೊ ಊರಿನಲ್ಲಿ 1782ರ ಚರ್ಚೊಂದಿದೆ; ಊರು ಪುಟ್ಟದು, ಚರ್ಚಿನೊಳಗೆ ಹನ್ನೆರಡಕ್ಕೂ ಹೆಚ್ಚು ಹಡಗುಗಳು ತೂಗುತ್ತವೆ. ಅವುಗಳ ಕೆಳಗೆ ಕೂತವರ ಪೈಕಿ ಮನೆಯ ಗಂಡಸರು ಕಡಲಿಗೆ ಹೋಗದ ಕುಟುಂಬ ಒಂದು ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಡೆನ್ಮಾರ್ಕಿನ ಇಂಥ ಹಡಗುಗಳ ಹಿಂಭಾಗದಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಹೋಬೆಟ್, ಎಂದರೆ ಭರವಸೆ.

ಇನ್ನು ಅಳತೆಯ ಮಾತು. ಬೆಂಚಿನಲ್ಲಿ ಕೂತವರ ಕಣ್ಣಿಗಿಂತ 5 ಮೀಟರ್ ಮೇಲೆ, 5 ಮೀಟರ್ ಮುಂದೆ ಹಡಗು ತೂಗುತ್ತಿದೆ ಎಂದಿಟ್ಟುಕೊಳ್ಳಿ. ನೋಟ 45 ಡಿಗ್ರಿ ಓರೆಯಾಗುತ್ತದೆ. ಈ ಓರೆಯಲ್ಲಿ ನೆಟ್ಟಗೆ ನಿಂತ ಯಾವುದೇ ವಸ್ತು ತನ್ನ ಎತ್ತರದ ಶೇ 70ರಷ್ಟೇ ಕಾಣುತ್ತದೆ. ಅಡ್ಡಡ್ಡಲಾಗಿ ಇರುವುದು ಪೂರ್ತಿ ಕಾಣುತ್ತದೆ. ಅಂದರೆ 1 ಮೀಟರಿನ ಕೂವೆಮರ 70 ಸೆಂಟಿಮೀಟರಿನಂತೆ ಮೊಟಕಾಗಿ ತೋರುತ್ತದೆ, ಅದಕ್ಕೆ ಕಟ್ಟಿದ ಅಡ್ಡಮರ ಮಾತ್ರ ತನ್ನ ಅಗಲದಲ್ಲೇ ಉಳಿಯುತ್ತದೆ. ಸರಿಯಾದ ಅಳತೆಯಲ್ಲಿ ಕಟ್ಟಿದ ಹಡಗನ್ನು ಅಲ್ಲಿ ತೂಗಿದರೆ ಕುಳ್ಳಗೆ, ಕುಗ್ಗಿದ ಹಾಗೆ ಕಾಣುತ್ತದೆ. ಕೂವೆಮರವನ್ನು ಮೂರನೇ ಒಂದು ಪಾಲು ಉದ್ದ ಮಾಡಿದರೆ ಕೆಳಗಿನಿಂದ ನೋಡುವವರಿಗೆ ಹಡಗು ಹಡಗಿನಂತೆ ಕಾಣುತ್ತದೆ. ಹಾಯಿಯ ಬಗ್ಗೆ ಕಣ್ಣುಮುಚ್ಚಿ ಹೇಳಬಲ್ಲ ನಾವಿಕ ಇದನ್ನು ಲೆಕ್ಕ ಹಾಕಿ ಮಾಡಿರಲಿಕ್ಕಿಲ್ಲ, ಕಣ್ಣಳತೆಯಲ್ಲೇ ಮಾಡಿರಬಹುದು. ಫಿರಂಗಿಗೂ ಅದೇ ಮಾತು. 1:48ರ ಅಳತೆಯಲ್ಲಿ, ಅಂದರೆ ನಿಜದ ಹಡಗಿನ 48ನೇ ಒಂದು ಪಾಲಿಗೆ ಇಳಿಸಿದಾಗ, ನಿಜವಾದ ಫಿರಂಗಿಯ ಬಾಯಿ ಕೆಲವೇ ಮಿಲಿಮೀಟರ್ ಆಗುತ್ತದೆ, ನೆಲದಿಂದ ಅದು ಬರೀ ಚುಕ್ಕೆ. ಹಗ್ಗ ದಪ್ಪಗಿರುವುದಕ್ಕೂ ಕಾರಣ ಸರಳ: ಕೈಗೆ ಸಿಗುತ್ತಿದ್ದದ್ದು ಹಾಯಿ ಹೊಲಿಯುವ ದಾರ, ತೆಳ್ಳಗಿನದನ್ನು ಹಾಕಿದರೂ ಕೆಳಗಿನವರಿಗೆ ಕಾಣುತ್ತಿರಲಿಲ್ಲ. ಇನ್ನೊಂದು ಗುರುತು ನೋಡಿ. ಇಂಥ ಹಡಗುಗಳ ಡೆಕ್ ಮೇಲೆ ಕೆಲಸ ಕಡಿಮೆ ಇರುತ್ತದೆ, ನೀರೊಳಗಿರುವ ಭಾಗಕ್ಕೆ ಮಾತ್ರ ಬಿಳಿಯೋ ಹಸಿರೋ ಕೆಂಪೋ ಬಣ್ಣವನ್ನು ಬಹಳ ಮುತುವರ್ಜಿಯಿಂದ ಹೊಡೆದಿರುತ್ತಾರೆ. ಭಕ್ತರಿಗೆ ಕಾಣುವುದೇ ಹಡಗಿನ ಹೊಟ್ಟೆ.

ತಪ್ಪು ಎಂದು ತೋರಿದ್ದನ್ನು ತಿದ್ದಿದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಹಾಲೆಂಡಿನ ಹಾರ್ಲೆಮ್ ಊರಿನ ಸೇಂಟ್ ಬಾವೊ ಚರ್ಚಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ತೂಗುವ ಮಾದರಿಗಳಲ್ಲಿ ಹಡಗಿನ ಅಡಿಗೆ ಗರಗಸದ ಹಲ್ಲುಗಳಿವೆ. ಯಾವ ಹಡಗುಕಟ್ಟೆಯಲ್ಲೂ ಅಂಥ ಹಡಗು ಕಟ್ಟುವುದಿಲ್ಲ. ಆದರೆ 1219ರಲ್ಲಿ, ಐದನೇ ಕ್ರುಸೇಡಿನ (ಕ್ರೈಸ್ತರ ಧರ್ಮಯುದ್ಧದ) ಕಾಲದಲ್ಲಿ, ಈಜಿಪ್ಟಿನ ಡಾಮಿಯೆಟ್ಟಾದಲ್ಲಿ ಹಡಗುಗಳು ಒಳನುಗ್ಗದಂತೆ ಬಿಗಿದಿದ್ದ ಸರಪಳಿಯನ್ನು ಹಾರ್ಲೆಮ್‌ನ ಹಡಗು ಅಡಿಗೆ ಕಟ್ಟಿದ ಗರಗಸದಿಂದ ಕತ್ತರಿಸಿತು ಎಂಬ ಐತಿಹ್ಯ ಆ ಊರಿನದು. ಅಳತೆಗೋಲು ಹಿಡಿದ ದುರಸ್ತಿಗಾರ ಮೊದಲು ಕೀಳುವುದೇ ಆ ಹಲ್ಲುಗಳನ್ನು. ಕಿತ್ತರೆ ಊರಿನ ಕಥೆಯೇ ಹೋಯಿತು.

ಕೆಲವೊಮ್ಮೆ ಹರಕೆಯ ಹಡಗೇ ಇತಿಹಾಸದ ದಾಖಲೆಯೂ ಆಗುತ್ತದೆ. ಸ್ಪೇನಿನ ಕ್ಯಾಟಲೋನಿಯಾದ ಮಟಾರೊ ಊರಿನ ಸಂತ ಸಿಮೊ ದೇವಾಲಯದ್ದೆಂದು ಹೇಳುವ 15ನೇ ಶತಮಾನದ ಮಾದರಿಯೊಂದು ಈಗ ರೋಟರ್‌ಡ್ಯಾಮಿನ ಕಡಲ ಮ್ಯೂಸಿಯಮ್ಮಿನಲ್ಲಿದೆ. ಉದ್ದ ಸುಮಾರು 1.2 ಮೀಟರ್. ಅದರ ಒಡಲನ್ನು ಒಂದೇ ದಿಮ್ಮಿಯಲ್ಲಿ ಕೆತ್ತಿಲ್ಲ. ನಿಜವಾದ ಹಡಗಿನಂತೆ ಪಕ್ಕೆಲುಬು ನಿಲ್ಲಿಸಿ ಹಲಗೆ ಹೊಡೆದಿದ್ದಾರೆ. ಆ ಕಾಲದ ದೊಡ್ಡ ಹಡಗುಗಳನ್ನು ಕಟ್ಟುತ್ತಿದ್ದ ಕ್ರಮಕ್ಕೆ ಇಷ್ಟು ಹತ್ತಿರದ ಸಾಕ್ಷ್ಯ ಬೇರೆ ಕಡೆ ಸಿಗುವುದು ಕಷ್ಟ. ಮೂಲದಲ್ಲಿ ಕೂವೆಮರ ಎಷ್ಟಿದ್ದವು ಎಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮರದ ಒಡಲು ಸಾಕ್ಷಿ ಹೇಳುತ್ತದೆ. ಹಗ್ಗ, ಕಂಬ ಕೈಯಿಂದ ಕೈಗೆ ಬದಲಾದಾಗ ಆ ಸಾಕ್ಷಿ ಕೆಡುತ್ತದೆ. ದುರಸ್ತಿಗೆ ಕೂರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಧ್ವಜದ ವಿಷಯದಲ್ಲೂ ಲೇಖನದಲ್ಲಿ ಗೊಂದಲವಿದೆ. ಡೆನ್ಮಾರ್ಕಿನ ಕೆಂಪು ನೆಲದ ಬಿಳಿ ಶಿಲುಬೆಯ ಧ್ವಜ ಎರಡು ಬಗೆಯದು. ವ್ಯಾಪಾರಿ ಹಡಗಿನದು ಆಯತ. ತುದಿ ಸೀಳಿ ಎರಡು ಬಾಲದಂತಿರುವುದು ಸರ್ಕಾರಕ್ಕೆ, ನೌಕಾಪಡೆಗೆ ಮತ್ತು ವಿಶೇಷ ಅನುಮತಿ ಪಡೆದವರಿಗೆ ಮೀಸಲು. ಮೀನುಗಾರರ ಹಳ್ಳಿಯ ಚರ್ಚಿನ ಹಡಗಿಗೆ ಸೀಳು ಧ್ವಜ, ಸಾಲು ಫಿರಂಗಿ ಇದ್ದರೆ ಅದು ಅಜ್ಞಾನವಲ್ಲ. ಕರಾವಳಿಯ ಯುವಕರು ನೌಕಾಪಡೆಯಲ್ಲಿ ಸೇವೆ ಮಾಡಬೇಕಿದ್ದ ಕಾಲ ಅದು, ಅವರು ಕಂಡ ಅತಿ ಭವ್ಯವಾದ ಹಡಗು ರಾಜನ ಯುದ್ಧನೌಕೆ. ದೇವರಿಗೆ ಕೊಡುವಾಗ ಕೈಲಾದ್ದರಲ್ಲಿ ಚೆನ್ನಾದದ್ದನ್ನು ಕೊಡುವುದು ಎಲ್ಲ ಕಡೆಯ ರೂಢಿ. ಹಿಂಭಾಗದಲ್ಲೋ ಧ್ವಜದಲ್ಲೋ ರಾಜನ ಮೊದಲಕ್ಷರ ಮತ್ತು ಅಂಕಿ ಇದ್ದರೆ ಕಾಲ ಊಹಿಸಲು ಅದು ದಾರಿ. ಸಿ ಅಕ್ಷರದೊಂದಿಗೆ 7 ಇದ್ದರೆ ಏಳನೇ ಕ್ರಿಶ್ಚಿಯನ್, ಅಂದರೆ 1766ರಿಂದ 1808. ಎಫ್ ಅಕ್ಷರದೊಂದಿಗೆ 6 ಇದ್ದರೆ ಆರನೇ ಫ್ರೆಡರಿಕ್, 1808ರಿಂದ 1839. ಸಿ 9 ಎಂದಿದ್ದರೆ 1863ರಿಂದ 1906. ಆದರೆ ಬಣ್ಣ ಹೊಡೆದವರು ಪ್ರತಿ ಸಲ ತಮ್ಮ ಕಾಲದ ಅಕ್ಷರ, ಇಸವಿ ಬರೆದುಬಿಡುತ್ತಾರೆ. ಕಟ್ಟಿದ ವರ್ಷ, ಒಪ್ಪಿಸಿದ ವರ್ಷ, ಬಣ್ಣ ಕಂಡ ವರ್ಷ ಮೂರೂ ಬೇರೆ ಬೇರೆ ಇರುವುದೇ ಹೆಚ್ಚು. ಮೇಲಿನ ಪದರ ಕೆರೆದು ಕೆಳಗಿನದನ್ನು ನೋಡುವ ಆಸೆಯನ್ನು ತಡೆದುಕೊಳ್ಳಬೇಕು. ಅದು ತಜ್ಞರು ಸೂಕ್ಷ್ಮದರ್ಶಕ ಇಟ್ಟುಕೊಂಡು ಮಾಡುವ ಕೆಲಸ.

ನೈಲಾನಿನ ಮಾತಿಗೆ ಬರೋಣ. ಮೂರು ಕೂವೆಮರದ ಹಡಗೊಂದರಲ್ಲಿ ನಾವಿಕರು ಹತ್ತಲು ಕಟ್ಟುವ ಹಗ್ಗದ ಏಣಿಯನ್ನಷ್ಟೇ ತೆಗೆದುಕೊಳ್ಳಿ. ಮುಂದಿನ ಎರಡು ಮರಗಳಿಗೆ ಒಂದೊಂದು ಬದಿಗೆ 6 ನಿಲುಹಗ್ಗ, ಅದಕ್ಕೆ ಅಡ್ಡಲಾಗಿ 25 ಮೆಟ್ಟಿಲು ಎಂದರೆ ಒಂದು ಬದಿಗೆ 150 ಗಂಟು, ಎರಡು ಮರಕ್ಕೆ ಎರಡು ಬದಿ ಸೇರಿ 600. ಹಿಂದಿನ ಮರಕ್ಕೆ 4 ಹಗ್ಗ, 20 ಮೆಟ್ಟಿಲು ಲೆಕ್ಕದಲ್ಲಿ 160. ಮೂರೂ ಮರಗಳ ಮೇಲೆ ಜೋಡಿಸಿದ ತುಂಡುಮರಗಳಿಗೂ ಹಿಂದಿನ ಮರದಷ್ಟೇ ಹಿಡಿದರೆ ಮೂರಕ್ಕೆ 480. ಒಟ್ಟು 1,240 ಗಂಟುಗಳು, ಒಂದೊಂದೂ ಕೈಯಲ್ಲಿ ಹಾಕಿದ್ದು. ನಿಜವಾದ ಹಡಗಿನಲ್ಲಿ ನಡುವಿನ ಹಗ್ಗಗಳಿಗೆ ಕ್ಲೋವ್ ಹಿಚ್ ಗಂಟು, ಎರಡು ಅಂಚಿನ ಹಗ್ಗಗಳಿಗೆ ಮಾತ್ರ ಪುಟ್ಟ ಕುಣಿಕೆ ಮಾಡಿ ದಾರದಿಂದ ಬಿಗಿಯುತ್ತಾರೆ. ಮಾದರಿಯಲ್ಲೂ ಹಾಗೇ ಇದ್ದರೆ ಕಟ್ಟಿದವನು ಹಗ್ಗ ಹತ್ತಿದವನೇ ಎಂದು ಹೇಳಬಹುದು. ಭೂತಗನ್ನಡಿ ಹಿಡಿದು ಆ ಅಂಚನ್ನು ನೋಡಿದಾಗ ಸಿಗುವ ಈ ಒಂದು ಸುಳಿವು, ಹಳೆಯ ನೂಲನ್ನು ಕತ್ತರಿಸಿ ಬುಟ್ಟಿಗೆ ಹಾಕಿದರೆ ಮತ್ತೆ ಎಲ್ಲೂ ಸಿಗುವುದಿಲ್ಲ.

ಇದು ಬರೀ ಭಾವನೆಯ ಮಾತಲ್ಲ, ಕೆಲಸದ ಲೆಕ್ಕವೂ ಹೀಗೇ ಇದೆ. ಅಗಸೆಯ ನಾರಿನ ನೂಲು, ಅಂದರೆ ಲಿನನ್, ತೇವ ಹೀರಿದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಹಳೆಯ ಮಾದರಿಯಲ್ಲಿ ಯಾವುದೋ ಒಂದು ಎಳೆತ ಹೆಚ್ಚಾದರೆ ಮೊದಲು ಹರಿಯುವುದು ನೂಲು. ಅದನ್ನು ಮತ್ತೆ ಕಟ್ಟಬಹುದು. ನೈಲಾನ್ ಹಾಕಿದಾಗ ನೂಲು ಹರಿಯುವುದಿಲ್ಲ, ಇನ್ನೂರು ವರ್ಷ ಹಳೆಯ ಅಡ್ಡಮರದ ತುದಿ ಮುರಿಯುತ್ತದೆ. ಮೇಲಾಗಿ ನೈಲಾನ್ ಹಿಗ್ಗುತ್ತದೆ, ಜಾರುತ್ತದೆ, ಗಂಟು ನಿಲ್ಲಲು ಅಂಟು ಬೇಕಾಗುತ್ತದೆ; ಕಿಟಕಿಯ ಬಿಸಿಲಿಗೆ ಅದೂ ಪುಡಿಯಾಗುತ್ತದೆ. ಬದಲಿಸಲೇಬೇಕಾದ ಹಗ್ಗವಿದ್ದರೆ ಲಿನನ್ ನೂಲನ್ನು ಮೂಲದ ದಪ್ಪಕ್ಕೆ, ಮೂಲದ ತಿರುವಿನ ದಿಕ್ಕಿಗೇ ಹೊಸೆದು, ಜೇನುಮೇಣ ಸವರಿ, ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟು ಕಟ್ಟಬೇಕು. ಕೂವೆಮರವನ್ನು ಬಿಗಿದು ನಿಲ್ಲಿಸುವ ನಿಂತ ಹಗ್ಗ ಕಪ್ಪು, ಹಾಯಿಯನ್ನು ಎಳೆದಾಡುವ ಹಗ್ಗ ನಸುಹಳದಿ ಎಂಬ ಭೇದ ಇರಲಿ. ಕಪ್ಪು ಬಣ್ಣದಲ್ಲಿ ಕಬ್ಬಿಣದ ಅಂಶ ಇರಬಾರದು, ಅದು ನಾರನ್ನು ಒಳಗಿಂದಲೇ ತಿನ್ನುತ್ತದೆ. ಹಳೆಯ ಮಾದರಿಗಳಲ್ಲಿ ನಸುಬಣ್ಣದ ಹಗ್ಗ ಗಟ್ಟಿಯಾಗಿದ್ದು ಕಪ್ಪು ಹಗ್ಗ ಮಾತ್ರ ಮುಟ್ಟಿದರೆ ಉದುರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಕಳೆದುಹೋದ ಕಪ್ಪಿಗಳನ್ನು, ಮೂರು ಕಣ್ಣಿನ ಮರದ ಬಿಲ್ಲೆಗಳನ್ನು ಯುರೋಪಿನವರು ಬಾಕ್ಸ್‌ವುಡ್ಡಿನಲ್ಲಿ ಮಾಡಿಕೊಳ್ಳುತ್ತಾರೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರವೂ ಎಳೆ ನಯವಾಗಿದ್ದು ಈ ಕೆಲಸಕ್ಕೆ ಒಗ್ಗುತ್ತದೆ ಎಂಬುದನ್ನು ಇಲ್ಲಿ ಮಾದರಿ ಕಟ್ಟುವವರಿಗಾಗಿ ಹೇಳುತ್ತೇವೆ.

ಈ ಹಡಗುಗಳ ದೊಡ್ಡ ಶತ್ರು ಚರ್ಚಿನ ಬಿಸಿ ಮಾಡುವ ವ್ಯವಸ್ಥೆ. ನಮ್ಮ ಓದುಗರಿಗೆ ಇದು ವಿಚಿತ್ರ ಎನಿಸಬಹುದು, ಆದ್ದರಿಂದ ಲೆಕ್ಕ ಕೊಡುತ್ತೇವೆ. ಚಳಿಗಾಲದಲ್ಲಿ 5 ಡಿಗ್ರಿ ಇರುವ ಚರ್ಚಿನಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ಶೇ 80 ಇದೆ ಎನ್ನಿ. ಭಾನುವಾರದ ಪ್ರಾರ್ಥನೆಗೆಂದು ಅದೇ ಗಾಳಿಯನ್ನು 20 ಡಿಗ್ರಿಗೆ ಏರಿಸಿದರೆ ತೇವಾಂಶ ಸುಮಾರು ಶೇ 30ಕ್ಕೆ ಕುಸಿಯುತ್ತದೆ. ಬಿಸಿ ಗಾಳಿ ಮೇಲೇರುವುದರಿಂದ ತೂಗುವ ಹಡಗು ಇರುವುದೇ ಅತಿ ಬಿಸಿಯ, ಅತಿ ಒಣ ಪದರದಲ್ಲಿ. ಸಂಜೆಗೆ ಮತ್ತೆ ತಂಪು, ಮತ್ತೆ ತೇವ. ಮರ ಪ್ರತಿ ವಾರ ಹಿಗ್ಗಿ ಕುಗ್ಗುತ್ತದೆ, ಮೇಲಿನ ಹಳೆಯ ಬಣ್ಣ ಹಿಗ್ಗುವುದಿಲ್ಲ, ಹಾಗಾಗಿ ಹೊಪ್ಪಳಿಕೆ ಏಳುತ್ತದೆ. ಗಂಟೆಗೆ 1ರಿಂದ 2 ಡಿಗ್ರಿಗಿಂತ ವೇಗವಾಗಿ ಬಿಸಿ ಮಾಡಬಾರದು ಎಂಬ ನಿಯಮವನ್ನು ಆರ್ಗನ್ ವಾದ್ಯ ಉಳಿಸಿಕೊಳ್ಳಲೆಂದು ಎಷ್ಟೋ ಚರ್ಚುಗಳು ಪಾಲಿಸುತ್ತವೆ. ಹಡಗಿಗೂ ಅದೇ ರಕ್ಷೆ. ನಮ್ಮ ಕರಾವಳಿಯಲ್ಲಿ ಕಾಟ ಇದಕ್ಕೆ ವಿರುದ್ಧ. ಇಲ್ಲಿ ಆಷಾಢದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬರುತ್ತದೆ.

ಒಡಲನ್ನು ಒಂದೇ ದಿಮ್ಮಿಯಿಂದ ಕೆತ್ತಿದ ಹಡಗಿನಲ್ಲಿ ಬಿರುಕು ಬಿಡುವುದು ಹೆಚ್ಚುಕಡಿಮೆ ಖಚಿತ. ಮರ ಒಣಗುವಾಗ ವರ್ಷದುಂಗುರದ ಗುಂಟ ಕುಗ್ಗುವ ಪ್ರಮಾಣ ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಇಮ್ಮಡಿ. ತಿರುಳು ಒಳಗೇ ಉಳಿದಿದ್ದರೆ ಆ ವ್ಯತ್ಯಾಸ ಹೊರಮೈಯಿಂದ ತಿರುಳಿನವರೆಗೆ ಸೀಳಾಗಿ ತೆರೆದುಕೊಳ್ಳುತ್ತದೆ. ತಿಳಿದ ಬಡಗಿಗಳು ಅದಕ್ಕೇ ಒಳಗನ್ನು ತೋಡಿ ಟೊಳ್ಳು ಮಾಡುತ್ತಿದ್ದರು ಅಥವಾ ಹಲಗೆಯ ಮೇಲೆ ಹಲಗೆ ಅಂಟಿಸಿ ಕೆತ್ತುತ್ತಿದ್ದರು. ಬಿರುಕು ಕಂಡ ಕೂಡಲೇ ಗಟ್ಟಿ ಪುಟ್ಟಿ ತುಂಬುವುದು ಎಲ್ಲರೂ ಮಾಡುವ ತಪ್ಪು. ಚಳಿಗಾಲದಲ್ಲಿ ತೆರೆದ ಬಿರುಕಿಗೆ ತುಂಬಿದ ಪುಟ್ಟಿ ಬೇಸಿಗೆಯಲ್ಲಿ ಮರ ಹಿಗ್ಗಿದಾಗ ಬೆಣೆಯಾಗಿ ಕೆಲಸ ಮಾಡುತ್ತದೆ, ಸೀಳು ಇನ್ನಷ್ಟು ಉದ್ದವಾಗುತ್ತದೆ. ಬಿರುಕು ಸ್ಥಿರವಾಗಿದ್ದರೆ ಹಾಗೇ ಬಿಡಿ. ಮುಚ್ಚಲೇಬೇಕಿದ್ದರೆ ಒತ್ತಿದರೆ ತಗ್ಗುವ ಬಾಲ್ಸಾ ಮರದ ತೆಳು ಸೀಳನ್ನು ಒಂದೇ ಬದಿಗೆ ಅಂಟಿಸಿ ಕೂರಿಸಬೇಕು.

ಕುಟ್ಟೆ ಹಿಡಿದಿದೆಯೇ ಎಂದು ನೋಡುವುದು ಸುಲಭ. 1.5ರಿಂದ 2 ಮಿಲಿಮೀಟರಿನ ದುಂಡು ತೂತುಗಳಿದ್ದರೆ ಹುಳು ಹೊರಗೆ ಹೋಗಿದೆ ಎಂದಷ್ಟೇ ಅರ್ಥ. ಒಳಗೆ ಇನ್ನೂ ಇದೆಯೇ ಎಂದು ತಿಳಿಯಲು ಹಡಗಿನ ಕೆಳಗೆ ಕಪ್ಪು ಕಾಗದ ಹಾಸಿ ಬೇಸಿಗೆಯ ಕೆಲವು ವಾರ ಕಾಯಬೇಕು. ತಿಳಿ ಬಣ್ಣದ ಹೊಸ ಪುಡಿ ಬಿದ್ದರೆ ಹುಳು ಜೀವಂತ. ಮರಿ ಮರದೊಳಗೆ ಮೂರು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಇರುವುದರಿಂದ ಒಂದು ಬೇಸಿಗೆ ಪುಡಿ ಬೀಳದಿದ್ದರೆ ನಿಶ್ಚಿಂತೆಯಿಂದ ಇರುವಂತಿಲ್ಲ. ಔಷಧ ಸುರಿಯಬೇಡಿ, ಬಣ್ಣ ಕರಗುತ್ತದೆ. ಗಾಳಿಯಾಡದ ಚೀಲದಲ್ಲಿಟ್ಟು ಆಮ್ಲಜನಕ ತೆಗೆದು ಸಾರಜನಕ ತುಂಬಿ ಕೆಲವು ವಾರ ಬಿಡುವುದು ಮ್ಯೂಸಿಯಮ್ಮಿನವರ ಕ್ರಮ.

ಸೀಸದ ಭಾಗಗಳ ಬಗ್ಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಎಷ್ಟೋ ಮಾದರಿಗಳ ಫಿರಂಗಿ, ಲಂಗರು ಸೀಸದಲ್ಲಿ ಎರಕ ಹೊಯ್ದವು. ಓಕ್ ಮರ, ಕೆಲವು ಬಣ್ಣ, ಕೆಲವು ಅಂಟು ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ಆ ಆವಿ ತಗುಲಿದ ಸೀಸ ಮೆಲ್ಲಗೆ ಬಿಳಿ ಪುಡಿಯಾಗುತ್ತದೆ. ತೆರೆದ ಚರ್ಚಿನಲ್ಲಿ ಗಾಳಿ ಆ ಆವಿಯನ್ನು ಒಯ್ಯುತ್ತದೆ. ದೂಳು ಬೇಡವೆಂದು ಹಡಗನ್ನು ಓಕ್ ಅಥವಾ ಪ್ಲೈವುಡ್ಡಿನ ತಳವಿರುವ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಆವಿ ಒಳಗೇ ಉಳಿದು, ಕೆಲವೇ ವರ್ಷದಲ್ಲಿ ಫಿರಂಗಿ ಗುರುತು ಸಿಗದಂತಾಗುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಹಡಗನ್ನು ಹಾಳುಮಾಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ಗೊತ್ತಿಲ್ಲ. ಆ ಬಿಳಿ ಪುಡಿ ವಿಷ. ಬರಿಗೈಯಲ್ಲಿ ಒರೆಸಬಾರದು, ಊದಬಾರದು; ಕೈಗವಸು, ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಹಡಗು ಹಿಂದಕ್ಕೆ ವಾಲುತ್ತದೆಂದು ಒಳಗೆ ಸೀಸದ ಗುಂಡು ಹಾಕಿ ತೂಕ ಸರಿದೂಗಿಸುವವರಿದ್ದಾರೆ, ಅದೂ ಬೇಡ.

ತೂಗುವ ಕೊಂಡಿಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಜನರ ತಲೆಯ ಮೇಲೆ ಇರುವ ವಸ್ತು ಇದು. ಒಡಲು 1 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಇದೆ, ಆ ಅಳತೆಯ ದಿಮ್ಮಿಯಲ್ಲಿ ಕೆತ್ತಿ ಉಳಿದದ್ದು ಅರ್ಧ ಎಂದಿಟ್ಟುಕೊಂಡರೂ ಪೈನ್ ಮರದ ಲೆಕ್ಕದಲ್ಲಿ ಸುಮಾರು 19 ಕಿಲೋ ಆಗುತ್ತದೆ. ಡೆಕ್ಕಿಗೆ ಎರಡು ಕೊಕ್ಕೆ ತಿರುಗಿಸಿ ತೂಗಿದ ಹಡಗುಗಳು ಅಪಾಯಕರ. ಹಾಗೆ ತೂಗಿದಾಗ ಪೂರ್ತಿ ಭಾರ ಬೀಳುವುದು ಡೆಕ್ಕನ್ನು ಹಿಡಿದಿರುವ ಮರವಜ್ರದ ಮೇಲೆ, ತೇವಕ್ಕೆ ಆ ಅಂಟು ಬಿಡುತ್ತದೆ. ಒಡಲನ್ನು ಮೇಲಿಂದ ಕೆಳಗೆ ಹಾಯ್ದು ಅಡಿಮರದ ಕೆಳಗೆ ಅಗಲವಾದ ವಾಷರ್, ನಟ್ ಹಾಕಿ ಬಿಗಿದ ಸರಳು ಇದ್ದರೆ ಮರ ಹಿಂಡಿದಂತೆ ನಿಲ್ಲುತ್ತದೆ, ಎಳೆದಂತೆ ಅಲ್ಲ. ಮೇಲಕ್ಕೆ 3 ಮಿಲಿಮೀಟರಿನ ಸ್ಟೇನ್‌ಲೆಸ್ ಉಕ್ಕಿನ ತಂತಿಹಗ್ಗ ಹಾಕಿದರೆ ಇಂಥ ತೂಕದ ಹತ್ತು ಪಟ್ಟಿಗಿಂತಲೂ ಎಷ್ಟೋ ಹೆಚ್ಚು ತಾಳುತ್ತದೆ. ಆದರೆ ಸಾಮಾನ್ಯವಾಗಿ ತಂತಿಯ ನಡುಭಾಗ ಹರಿಯುವುದಿಲ್ಲ. ಮಡಚಿ ತಿರುಚಿದ ತುದಿ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಛಾವಣಿಯ ತೊಲೆಯಲ್ಲಿ ತುಕ್ಕು ಹಿಡಿದ ಕೊಕ್ಕೆ ಕಳಚುತ್ತದೆ. ಉಪ್ಪುಗಾಳಿಯಲ್ಲಿ ಹಿತ್ತಾಳೆ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದ್ದರೆ ಕಬ್ಬಿಣ ಇನ್ನೂ ಬೇಗ ಸವೆಯುತ್ತದೆ. ಮುಖ್ಯ ತಂತಿಯಲ್ಲದೆ ಬೇರೆ ಕೊಕ್ಕೆಗೆ ಕಟ್ಟಿದ ಇನ್ನೊಂದು ಸಡಿಲ ತಂತಿ ಇರಲೇಬೇಕು. ಗಾಳಿಗೆ ತಿರುಗದಂತೆ ಎರಡು ತೆಳು ದಾರ ಕಟ್ಟಿ ಮೂತಿಯನ್ನು ಪೂಜಾವೇದಿಕೆಯ ಕಡೆಗೆ ನಿಲ್ಲಿಸುವುದು ಹೆಚ್ಚಿನ ಕಡೆಯ ರೂಢಿ. ಮೂತಿ ಬೇರೆ ದಿಕ್ಕಿಗಿದ್ದರೆ ಊರಿನ ಹಿರಿಯರನ್ನು ಕೇಳದೆ ತಿರುಗಿಸಬೇಡಿ.

ಇಳಿಸುವ ಮೊದಲು ನಾಲ್ಕೂ ಕಡೆಯಿಂದ ಮತ್ತು ಕೆಳಗಿನಿಂದ ಫೋಟೊ ತೆಗೆಯಬೇಕು, ನೆಲದಿಂದ ಅಡಿಮರದವರೆಗಿನ ಎತ್ತರ ಬರೆದುಕೊಳ್ಳಬೇಕು. ಹಡಗು ಕೂರಲು ತೊಟ್ಟಿಲು ಮೊದಲೇ ಸಿದ್ಧವಾಗಿರಬೇಕು. ಎರಡು ಕಡೆ ಒಡಲಿನ ಆಕಾರಕ್ಕೆ ಕತ್ತರಿಸಿದ ಹಲಗೆ, ಅದರ ಮೇಲೆ ಮೆತ್ತನೆಯ ಫೋಮ್. ಚುಕ್ಕಾಣಿಯ ಮೇಲೆ ಗುಲಗಂಜಿಯಷ್ಟೂ ಭಾರ ಬೀಳಬಾರದು. ಇಬ್ಬರು ಹಗ್ಗ ಬಿಡುವವರು, ಒಬ್ಬರು ಕೆಳಗೆ ದಾರಿ ಹೇಳುವವರು. ಎತ್ತುವಾಗ ಕೂವೆಮರವನ್ನೋ ಹಗ್ಗವನ್ನೋ ಹಿಡಿಯುವ ಚಟ ಎಲ್ಲರಿಗೂ ಇರುತ್ತದೆ, ಮುರಿಯುವುದು ಆಗಲೇ. ಒಡಲಿನ ಕೆಳಗೆ ಎರಡೂ ಅಂಗೈ ಕೊಟ್ಟು ಎತ್ತಬೇಕು. ದೂಳು ತೆಗೆಯಲು ಮೇಕೆ ಕೂದಲಿನ ಮೆತ್ತನೆಯ ಕುಂಚ ಸಾಕು, ಮೇಲಿನಿಂದ ಕೆಳಕ್ಕೆ ಮಾತ್ರ. ವ್ಯಾಕ್ಯೂಮ್ ಕ್ಲೀನರಿನ ಮೂತಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಒಂದು ಗೇಣು ದೂರ ಹಿಡಿದರೆ ಉದುರಿದ ಕಪ್ಪಿ ಒಳಗೆ ಹೋಗುವುದಿಲ್ಲ. ಮೇಣದಬತ್ತಿಯ ಮಸಿಗೆ ಸೋಪಿನ ನೀರು ಬೇಡ. ಹತ್ತಿಕಡ್ಡಿಗೆ ಸ್ವಲ್ಪ ಎಂಜಲು ತಾಗಿಸಿ ಉರುಳಿಸುವುದನ್ನು ದೊಡ್ಡ ಮ್ಯೂಸಿಯಮ್ಮುಗಳ ತಜ್ಞರೂ ಮಾಡುತ್ತಾರೆ, ಕಾಣದ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿದ ಮೇಲೆ. ನೂಲು ಎರಡು ಬೆರಳ ನಡುವೆ ಪುಡಿಯಾಗುವಂತಿದ್ದರೆ ಅದನ್ನು ಮುಟ್ಟದೆ ಹಡಗನ್ನು ಹಾಗೇ ಮೇಲೇರಿಸುವುದೇ ಒಳ್ಳೆಯದು.

ಮುಂದಿನ ಸಂಚಿಕೆಯಲ್ಲಿ ಹರಕೆ ಮತ್ತು ಕಾಣಿಕೆಯ ಭೇದವನ್ನು, ನೈಲಾನಿನ ತಿದ್ದುಪಡಿಯನ್ನು ಒಂದು ಚೌಕದಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ. ಮಾರ್ಸೆ, ಕೋಪನ್‌ಹೇಗನ್ ಕಡೆ ಇರುವ ಕನ್ನಡಿಗರು ನಿಮ್ಮ ಪತ್ರಿಕೆಯನ್ನು ಜಾಲತಾಣದಲ್ಲಿ ಓದುತ್ತಾರೆ. ಅವರಲ್ಲಿ ಯಾರಾದರೂ ಚರ್ಚಿನ ದುರಸ್ತಿ ಕೆಲಸಕ್ಕೆ ಕೈಜೋಡಿಸುವವರಿದ್ದರೆ ಇನ್ನೊಂದು ಮಾತು. ಡೆಕ್ಕಿನ ಮುಚ್ಚಳ ತೆಗೆಯುವಂತಿದ್ದರೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಿಂದೆ ಹಡಗು ಇಳಿಸಿದವರು ಹೆಸರು, ತಾರೀಖು, ಮಾಡಿದ ಕೆಲಸ ಬರೆದ ಚೀಟಿ ಇಟ್ಟಿರಬಹುದು. ಅದನ್ನು ಓದಿ, ಫೋಟೊ ತೆಗೆದು, ಇದ್ದಲ್ಲೇ ಇಡಿ. ಪಕ್ಕದಲ್ಲಿ ಆಮ್ಲವಿಲ್ಲದ ಕಾಗದದಲ್ಲಿ ನಿಮ್ಮ ಚೀಟಿಯನ್ನೂ ಇಡಿ: ಯಾವ ಹಗ್ಗ ಬದಲಿಸಿದಿರಿ, ಯಾವ ಅಂಟು ಬಳಸಿದಿರಿ, ಏನನ್ನು ಮುಟ್ಟದೆ ಬಿಟ್ಟಿರಿ ಎಂದು. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಮಾಸುತ್ತದೆ.

ಇತಿ,
ಹಡಗಿನ ಮಾದರಿಗಳ ಕೆಲಸ ಬಲ್ಲ ಕೆಲವು ಓದುಗರು
ಮಂಗಳೂರು